ಬೀಗದ ಕೈ

ಶಿರ್ವದಲ್ಲಿ ತಂಗಿಯ ರೋಸ್. ತೆಂಗಿನ ಹಾಲು
ಇನ್ನೂ ಬೆರಳ ಸಂದಿಯಲ್ಲಿ ಜಿಡ್ಡಾಗಿ ಉಂಟು.
ಚಪ್ಪರದಲ್ಲಿ ಬ್ಯಾಂಡಿನವರು ಮೂರನೆಯ ಸಲ
ಅದೇ ಪದ ಬಾರಿಸುತ್ತಿದ್ದಾರೆ. ನಾನು ಹಿತ್ತಿಲ ಕಡೆ
ಒಗೆಯುವ ಕಲ್ಲಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದೇನೆ,
ಐವತ್ತು ಕಿಲೋಮೀಟರ್ ದೂರದ ಹೊಯ್ಗೆ ಬಜಾರಿನ
ಐಸ್ ಪ್ಲಾಂಟಿನ ಒಳಗೆ.

ಒಳಗೆ ಅಂದರೆ ಕಪ್ಪು ತೆರೆ, ಬಿಳಿ ಅಕ್ಷರ,
ಕಣ್ಣು ಮಿಟುಕಿಸುತ್ತ ಕಾಯುವ ಒಂದು ಗೆರೆ.
ಎಸ್ಸೆಸ್ಸೆಚ್ ಅಂತ ಬರೆದರೆ ಹೊಸಿಲು ದಾಟಿದ ಹಾಗೆ.
ಉಪ್ಪುನೀರು ಮೈನಸ್ ಎಂಟು. ಕಂಪ್ರೆಸರ್ ಎರಡೂ ಓಡುತ್ತಿವೆ.
ಅಮೋನಿಯದ ವಾಸನೆ ಮಾತ್ರ ಈ ದಾರಿಯಲ್ಲಿ ಬರುವುದಿಲ್ಲ.

ಯಾವನೋ ಪರವೂರಿನವನು ಮೂರು ದಿನದಿಂದ ಕದ ತಟ್ಟುತ್ತಿದ್ದಾನೆ,
ದಾಖಲೆಯಲ್ಲಿ ಸಾವಿರದ ನಾನೂರು ಸಲ,
ರೂಟ್, ರೂಟ್, ಅಡ್ಮಿನ್, ರೂಟ್.
ಒಂದು ಗೋಡೆ ಎಬ್ಬಿಸುವ ಅಂತ ಹೊರಟೆ.
ಯಂತ್ರ ಕೇಳಿತು, ಅದು ಕೇಳಿಯೇ ಕೇಳುತ್ತದೆ:
ಈಗಿರುವ ಸಂಪರ್ಕ ತುಂಡಾದೀತು, ಮುಂದುವರಿಯಲೇ?
ತೆಂಗಿನ ಹಾಲಿನ ಬೆರಳು ವೈ ಒತ್ತಿತು.

ಗೆರೆ ಮಿಟುಕಿಸುವುದು ನಿಂತಿತು.

ಗೋಡೆ ಎದ್ದಿತ್ತು. ಬಾಗಿಲು ಬಿಡಲು ಮರೆತ ಮೇಸ್ತ್ರಿ
ಗೋಡೆಯ ಹೊರಗೆ, ಕರಣೆ ಹಿಡಿದುಕೊಂಡು.
ಪಾಳಿಯವರ ಫೋನಿಗೆ ಹೋಗುವ ಡಿಗ್ರಿಯೂ ನಿಂತಿತು.
ನಾಲ್ಕಕ್ಕೆ ಬೋಟುಗಳು ಐಸಿಗೆ ಬರುತ್ತವೆ.

ಫೋನಿಗೆ ಸಿಕ್ಕಿದ್ದು ವಾಚ್‌ಮನ್ ಐತಪ್ಪಣ್ಣ.
"ಎಂತ ಬಾಯಮ್ಮ, ಇಷ್ಟು ಹೊತ್ತಿಗೆ?"
ಐದನೇ ಕ್ಲಾಸು. ಇಂಗ್ಲಿಷು ಕಲಿತದ್ದು
ದಕ್ಕೆಯಲ್ಲಿ ಬೋಟುಗಳ ನಂಬರು ಓದಿ.
ಕೀಬೋರ್ಡು ಗೊತ್ತಾಯಿತು, ಎಲ್ಲ ದೊಡ್ಡಕ್ಷರ.
ತೆರೆಯ ಮೇಲಿನದು ಗೊತ್ತಾಗಲಿಲ್ಲ.
"ನಾನು ಒತ್ತುವುದೊಂದು, ಅಲ್ಲಿ ಮೂಡುವುದೊಂದು ಮಾರಾಯ್ರೆ."
ಅದು ಇದರ ಮರಿ, ಅಂದೆ. ಒಪ್ಪಿಕೊಂಡರು.

ಮೊದಲು ನನ್ನ ಹೆಸರು. ಝೆಡ್ ಎಲ್ಲಿ?
ಕೆಳಗಿನ ಸಾಲು, ಎಡದ ಮೂಲೆ.
ಝೆಡ್, ಐ, ಟಿ, ಎ. ಒಂದೊಂದು ಅಕ್ಷರಕ್ಕೂ
ಅವರ ಉಸಿರು, ಹಿಂದೆ ಕಂಪ್ರೆಸರಿನ ಗುಂಯ್.
ಆಮೇಲೆ ಗುಟ್ಟಿನ ಶಬ್ದ. ನಾಲ್ಕು ವರ್ಷ
ಯಾರಿಗೂ ಹೇಳದ್ದನ್ನು ಒಗೆಯುವ ಕಲ್ಲಿನ ಮೇಲೆ ಕೂತು
ಪಿಸುದನಿಯಲ್ಲಿ ಬಿಡಿಸಿದೆ: ಬಿ, ಓ, ಓ, ಟಿ...
"ಬೂತಾಯಿಯಾ?" ಅಂದರು. ಕೆಮ್ಮು ಬರುವಷ್ಟು ನಕ್ಕರು.
"ಅಂಜಲ್ ಆದರೂ ಇಡಬಾರದಿತ್ತಾ?"

"ಒತ್ತಿದರೆ ಏನೂ ಕಾಣುವುದಿಲ್ಲ ಬಾಯಮ್ಮ."
ಕಾಣುವುದಿಲ್ಲ. ಆದರೂ ಹೋಗುತ್ತದೆ.
"ಒಂದು ಚುಕ್ಕಿಯೂ ಇಲ್ಲ."
ಇಲ್ಲ.
ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರೇ, ಮೆಲ್ಲ,
"ಕತ್ತಲಲ್ಲಿ ಬಲೆ ಬಿಟ್ಟ ಹಾಗಾಯ್ತು ಇದು."
ಎರಡು ಸಲ ತಪ್ಪಿತು. ಮೂರನೆಯದಕ್ಕೆ ಸಿಕ್ಕಿತು.

ಖಾಲಿ ಜಾಗಕ್ಕೂ ಒಂದು ಕೀ ಉಂಟೆಂದು ತಿಳಿದು
ಅವರಿಗೆ ಆಶ್ಚರ್ಯ. ಸುಡೊ ಅಂದರೆ ಎಂತ?
ಧನಿಗಳ ಅಪ್ಪಣೆ ಅಂದ ಹಾಗೆ.
"ಧನಿ ಯಾರು, ನಾನಾ ನೀವಾ?"
ಈಗ ನೀವೇ.
ಎಂಟರ್ ಒತ್ತಿದ್ದು ಇಲ್ಲಿಗೂ ಕೇಳಿಸಿತು,
ಅಗಳಿ ತೆಗೆದಷ್ಟು ಜೋರು.

ಮತ್ತೆ ಎಸ್ಸೆಸ್ಸೆಚ್. ಗೆರೆ ಕಣ್ಣು ಬಿಟ್ಟಿತು.
ಮೇಲಿನ ಸಾಲಿನಲ್ಲಿ ಎಂದಿನ ಲೆಕ್ಕ:
ಝೀಟಾ ಕಳೆದ ಸಲ ಒಳಬಂದದ್ದು
ರಾತ್ರಿ ಹನ್ನೊಂದು ಐವತ್ತೆರಡಕ್ಕೆ, ಟಿಟಿವೈ ಒಂದರಲ್ಲಿ.
ಅಂದರೆ ಯಂತ್ರದ ಎದುರಿಗೇ ಕೂತು.
ನಾಲ್ಕು ವರ್ಷದಲ್ಲಿ ನಾನು ಅಲ್ಲಿ ಕೂತದ್ದು
ಅದನ್ನು ಹೂಡಿದ ದಿನ, ಅಷ್ಟೇ.
ಆ ಸಾಲು ಅಳಿಸಲು ಬರುತ್ತದೆ ನನಗೆ. ಅಳಿಸಲಿಲ್ಲ.

ಸೋಮವಾರ ಗುಟ್ಟಿನ ಶಬ್ದ ತೆಗೆದುಹಾಕಿದೆ.
ಈಗ ಒಂದು ಫೈಲು, ಬಾಯಿಬಿಟ್ಟು ಹೇಳಲು
ನನಗೂ ಬಾರದ ಅಕ್ಷರಗಳ ರಾಶಿ.
ಇದಕ್ಕೆ ಬೀಗದ ಕೈ ಅನ್ನುತ್ತೇವೆ.
ಕೈ ಎಲ್ಲಿ ಅಂತ ಕೇಳಿದರೆ ತೋರಿಸಲಾರೆ.

ದಕ್ಕೆಯ ಹತ್ತಿರ ಐತಪ್ಪಣ್ಣ ಸಿಕ್ಕಿದರು.
"ಬೂತಾಯಿ ಇನ್ನೂ ಉಂಟಾ?"
ತೆಗೆದೆ, ಅಂದೆ. ಮುಖ ಸಣ್ಣಗಾಯಿತು.
ಕೈಯಲ್ಲಿದ್ದ ತೊಟ್ಟೆಯನ್ನು ಸ್ಕೂಟರಿನ ಕೊಕ್ಕೆಗೆ
ಅವರೇ ಸಿಕ್ಕಿಸಿದರು, ನಾನು ಬೇಡ ಅನ್ನುವ ಮೊದಲೇ.
ಕುದ್ರೋಳಿ ತಲುಪುವವರೆಗೂ ಅದು ತೊಟ್ಟಿಕ್ಕುತ್ತಿತ್ತು,
ನಮ್ಮದೇ ಐಸು.